ಹಿಪ್ಪುರಿಕ್ ಆಮ್ಲದ ಸಾಕ್ಷ್ಯ: ಟಾಲುಯೀನ್ ಸೂಚಕವೊಂದರ ಏಳುಬೀಳು

ಪ್ರಯೋಗಾಲಯದ ವರದಿಯೊಂದರಲ್ಲಿರುವ ಒಂದೇ ಸಾಲಿನಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ‘ಮೂತ್ರದಲ್ಲಿ ಹಿಪ್ಪುರಿಕ್ ಆಮ್ಲ: ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 1.4 ಗ್ರಾಂ’ ಎಂಬುದು ಆ ಸಾಲು. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಮೂತ್ರಕ್ಕೆ ಬರುವ ಪದಾರ್ಥ. ಬಣ್ಣ, ಅಂಟು, ಮುದ್ರಣದ ಶಾಯಿ, ಥಿನ್ನರ್ ಇವುಗಳ ನಡುವೆ ದಿನವಿಡೀ ದುಡಿಯುವ ಒಬ್ಬ ವ್ಯಕ್ತಿಯ ಮೂತ್ರವನ್ನು ಪರೀಕ್ಷಿಸಿದಾಗ ಬಂದ ಫಲಿತಾಂಶ ಅದು ಎಂದು ಭಾವಿಸಿಕೊಳ್ಳಿ. ಇವುಗಳಲ್ಲಿ ಬಳಸುವ ಟಾಲುಯೀನ್ ಎಂಬ ದ್ರಾವಕವನ್ನು ಉಸಿರಾಡಿದರೆ, ಅದು ದೇಹದಲ್ಲಿ ಹಿಪ್ಪುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬರುತ್ತದೆ. ಈ ಸಾಲನ್ನು ಓದಿದ ಒಬ್ಬ ವೈದ್ಯರು ‘ಮಿತಿಯೊಳಗಿದೆ, ಚಿಂತೆಯಿಲ್ಲ’ ಎಂದು ಕಡತವನ್ನು ಮುಚ್ಚಬಹುದು. ಇನ್ನೊಬ್ಬರು ‘ಮಿತಿಗೆ ತೀರ ಹತ್ತಿರ ಬಂದಿದೆ, ಈತನನ್ನು ಬೇರೆ ಕೆಲಸಕ್ಕೆ ಹಾಕಿ’ ಎಂದು ಬರೆಯಬಹುದು. ಆ ವ್ಯಕ್ತಿ ಉಸಿರಾಡಿದ ಗಾಳಿ ಹೇಗಿತ್ತು ಎಂಬುದು ಅಷ್ಟರಿಂದ ಇಬ್ಬರಿಗೂ ತಿಳಿದಿರುವುದಿಲ್ಲ. ಈ ಒಂದು ಸಾಲನ್ನು ಹೇಗೆ ಓದಬೇಕು, ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಹಿಪ್ಪುರಿಕ್ ಆಮ್ಲವು ವಿಜ್ಞಾನದ ಕಣ್ಣಿಗೆ ಬಿದ್ದದ್ದು ಕಾರ್ಖಾನೆಯಲ್ಲಲ್ಲ, ಕುದುರೆಯ ಮೂತ್ರದಲ್ಲಿ. 1829ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಅವರು, ಅದುವರೆಗೆ ಬೆಂಜೋಯಿಕ್ ಆಮ್ಲವೆಂದೇ ಎಣಿಸಲಾಗಿದ್ದ ಪದಾರ್ಥವು ವಾಸ್ತವದಲ್ಲಿ ಸಾರಜನಕವಿರುವ ಬೇರೆಯೇ ಆಮ್ಲವೆಂದು ತೋರಿಸಿ, ಗ್ರೀಕ್ ಭಾಷೆಯಲ್ಲಿ ಕುದುರೆ ಮತ್ತು ಮೂತ್ರ ಎಂಬ ಅರ್ಥವಿರುವ ಎರಡು ಪದಗಳನ್ನು ಸೇರಿಸಿ ಅದಕ್ಕೆ ಹೆಸರಿಟ್ಟರು. ಹುಲ್ಲು ಮೇಯುವ ಪ್ರಾಣಿಗಳ ಮೂತ್ರದಲ್ಲಿ ಇದು ಹೇರಳವಾಗಿ ಇರುತ್ತದೆ. ನಂತರ 1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಅಲೆಗ್ಸಾಂಡರ್ ಯೂರ್, ಅವರ ಬೆನ್ನಿಗೇ ಗೊಟಿಂಗೆನ್‌ನಲ್ಲಿ ಫ್ರೀಡ್ರಿಕ್ ವೋಲರ್ ಅವರ ಪ್ರಯೋಗಾಲಯದಲ್ಲಿದ್ದ ಕೆಲ್ಲರ್ ಎಂಬವರು, ಬೆಂಜೋಯಿಕ್ ಆಮ್ಲವನ್ನು ಸೇವಿಸಿದ ಮನುಷ್ಯನ ಮೂತ್ರದಲ್ಲಿ ಹಿಪ್ಪುರಿಕ್ ಆಮ್ಲ ಹೊರಬರುವುದನ್ನು ಕಂಡರು. ಕೆಲ್ಲರ್ ಪ್ರಯೋಗಕ್ಕೆ ಒಡ್ಡಿದ್ದು ತಮ್ಮದೇ ದೇಹವನ್ನು. ದೇಹವು ಹೊರಗಿನಿಂದ ಬಂದ ಪದಾರ್ಥವೊಂದನ್ನು ತನ್ನದೇ ಆದ ಪದಾರ್ಥದೊಡನೆ ಬೆಸೆದು ಹೊರಹಾಕುತ್ತದೆ ಎಂಬುದಕ್ಕೆ ದೊರೆತ ಮೊಟ್ಟಮೊದಲ ಖಚಿತ ನಿದರ್ಶನಗಳಲ್ಲಿ ಇದು ಒಂದು. 1845ರಲ್ಲಿ ಫ್ರಾನ್ಸಿನ ದೆಸೈನ್ಯ ಅವರು ಹಿಪ್ಪುರಿಕ್ ಆಮ್ಲವನ್ನು ಒಡೆದು, ಅದರೊಳಗಿರುವುದು ಬೆಂಜೋಯಿಕ್ ಆಮ್ಲ ಮತ್ತು ಗ್ಲೈಸಿನ್ ಎಂಬ ಪುಟ್ಟ ಅಮೈನೋ ಆಮ್ಲ ಎಂದು ತೋರಿಸಿದ ಮೇಲೆ ಆ ಬೆಸುಗೆಯ ಎರಡೂ ತುದಿಗಳು ಸ್ಪಷ್ಟವಾದವು.

ಇಷ್ಟು ಹಿಂದಕ್ಕೆ ಹೋಗಲು ಕಾರಣವಿದೆ. ಈ ಆಮ್ಲದ ಮೂಲ ಕಥೆ ಆಹಾರದ ಕಥೆ. ದ್ರಾವಕದ ಸೂಚಕ ಎಂಬ ಪಾತ್ರವು ಅದಕ್ಕೆ ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ. ನಾವು ಇಂದು ಎದುರಿಸುತ್ತಿರುವ ತೊಡಕಿನ ಬೀಜ ಕುದುರೆಯ ಮೇವಿನಲ್ಲಿಯೇ ಇತ್ತು.

ಈಗ ಟಾಲುಯೀನ್‌ಗೆ ಬರೋಣ. ಬೆಂಜೀನ್ ಉಂಗುರಕ್ಕೆ ಒಂದು ಮೀಥೈಲ್ ಗುಂಪು ಅಂಟಿಕೊಂಡಿರುವ, ಸುಲಭವಾಗಿ ಆವಿಯಾಗುವ, ತನ್ನದೇ ಆದ ಸಿಹಿಮಿಶ್ರಿತ ತೀಕ್ಷ್ಣ ವಾಸನೆಯಿರುವ ದ್ರವ ಇದು. ಟೋಲು ಬಾಲ್ಸಮ್ ಎಂಬ ಮರದ ರಾಳದಿಂದ ಇದನ್ನು ಪಡೆದ ಕಾರಣ ಈ ಹೆಸರು ಉಳಿದುಕೊಂಡಿತು. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೇಲೆ ಬಹಳಷ್ಟು ಕೆಲಸಗಳಲ್ಲಿ ಅದರ ಜಾಗವನ್ನು ಟಾಲುಯೀನ್ ತುಂಬಿತು. ಅದು ಬೆಂಜೀನ್‌ನಷ್ಟು ಕ್ರೂರವಲ್ಲ, ಆದರೆ ನಿರುಪದ್ರವಿಯೂ ಅಲ್ಲ. ತಲೆನೋವು, ತಲೆಸುತ್ತು, ಮಂಪರು ಮೊದಲು ಕಾಣಿಸಿಕೊಳ್ಳುತ್ತವೆ. ವರ್ಷಗಟ್ಟಲೆ ಉಸಿರಾಡಿದವರಲ್ಲಿ ಬಣ್ಣಗಳನ್ನು ಗುರುತಿಸುವ ಶಕ್ತಿ ಕುಂದಬಹುದು. ಯಂತ್ರಗಳ ಗದ್ದಲವೂ ಜೊತೆಗೂಡಿದರೆ ಕಿವಿಗೆ ಆಗುವ ಹಾನಿ, ಗದ್ದಲವೊಂದರಿಂದಲೇ ಆಗುವುದಕ್ಕಿಂತ ಹೆಚ್ಚು.

ಉಸಿರಿನೊಡನೆ ಒಳಹೋಗಿ ರಕ್ತ ಸೇರಿದ ಟಾಲುಯೀನ್‌ನಲ್ಲಿ ಸುಮಾರು ಐದನೇ ಒಂದು ಪಾಲು ಯಾವ ಬದಲಾವಣೆಯೂ ಇಲ್ಲದೆ ಉಸಿರಿನಲ್ಲೇ ಹೊರಬೀಳುತ್ತದೆ. ಉಳಿದದ್ದು ಯಕೃತ್ತಿನ ಪಾಲು. ಅಲ್ಲಿ ಸೈಟೋಕ್ರೋಮ್ ಪಿ450 ಕುಟುಂಬದ ಕಿಣ್ವಗಳು, ಅದರಲ್ಲೂ ಮುಖ್ಯವಾಗಿ ಸಿವೈಪಿ2ಇ1 ಎಂಬುದು, ಉಂಗುರವನ್ನು ಮುಟ್ಟದೆ ಪಕ್ಕದ ಮೀಥೈಲ್ ಗುಂಪನ್ನು ಆಕ್ಸಿಡೀಕರಿಸಿ ಬೆಂಜೈಲ್ ಆಲ್ಕೋಹಾಲನ್ನು ಮಾಡುತ್ತವೆ. ಅದು ಬೆಂಜಾಲ್ಡಿಹೈಡ್ ಆಗಿ, ಮುಂದೆ ಬೆಂಜೋಯಿಕ್ ಆಮ್ಲವಾಗುತ್ತದೆ. ಜೀವಕೋಶದ ಮೈಟೋಕಾಂಡ್ರಿಯದೊಳಗೆ ಈ ಆಮ್ಲವು ಸಹಕಿಣ್ವ-ಎ ಜೊತೆ ಕೂಡಿ ಚುರುಕಾಗುತ್ತದೆ, ನಂತರ ಗ್ಲೈಸಿನ್‌ಗೆ ಜೋಡಣೆಯಾಗಿ ಹಿಪ್ಪುರಿಕ್ ಆಮ್ಲವಾಗುತ್ತದೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತಿದ್ದ, ಆದ್ದರಿಂದಲೇ ಮೆದುಳನ್ನು ನೇರವಾಗಿ ತಲುಪುತ್ತಿದ್ದ ಪದಾರ್ಥವೊಂದು ಹೀಗೆ ನೀರಿನಲ್ಲಿ ಕರಗುವ ಆಮ್ಲವಾಗಿ ಬದಲಾಗಿ ಮೂತ್ರದ ದಾರಿ ಹಿಡಿಯುತ್ತದೆ. ಉಂಗುರವೇ ಆಕ್ಸಿಡೀಕರಣಗೊಂಡು ಕ್ರೆಸಾಲ್ ಆಗುವ ಇನ್ನೊಂದು ಸಣ್ಣ ದಾರಿಯೂ ಇದೆ. ಆದರೆ ಅದರ ಮೂಲಕ ಸಾಗುವುದು ನೂರಕ್ಕೆ ಒಂದು ಪಾಲಿನಷ್ಟೂ ಇಲ್ಲ. ಈ ಸಣ್ಣ ದಾರಿಯನ್ನು ದಯವಿಟ್ಟು ನೆನಪಿನಲ್ಲಿಡಿ.

ಮುಖ್ಯ ದಾರಿ ಇಷ್ಟು ವಿಶಾಲವಾಗಿರುವಾಗ ಅದರ ಕೊನೆಯಲ್ಲಿ ಕಾದು ಕುಳಿತು ಲೆಕ್ಕ ಹಾಕುವುದು ಸಹಜವಾದ ಯೋಚನೆ. 1970ರಲ್ಲಿ ಜಪಾನಿನ ಒಗಾಟಾ ಮತ್ತು ಸಂಗಡಿಗರು, ಗೊತ್ತಾದ ಪ್ರಮಾಣದ ಟಾಲುಯೀನ್ ಮತ್ತು ಅದನ್ನೇ ಹೋಲುವ ಜೈಲೀನ್ ಎಂಬ ದ್ರಾವಕದ ಆವಿಯನ್ನು ಸ್ವಯಂಸೇವಕರು ಉಸಿರಾಡುವಂತೆ ಮಾಡಿ, ಅವರ ಮೂತ್ರದಲ್ಲಿ ಹಿಪ್ಪುರಿಕ್ ಮತ್ತು ಮೀಥೈಲ್ ಹಿಪ್ಪುರಿಕ್ ಆಮ್ಲಗಳನ್ನು ಅಳೆದು, ಇದನ್ನು ಒಡ್ಡಿಕೊಳ್ಳುವಿಕೆಯ ಪರೀಕ್ಷೆಯಾಗಿ ಬಳಸಬಹುದೆಂದು ಪ್ರಕಟಿಸಿದರು. ಹಲವು ದೇಶಗಳ ಕಾರ್ಖಾನೆಗಳಲ್ಲಿ, ದಶಕಗಳ ಕಾಲ, ಈ ಪರೀಕ್ಷೆಯೇ ಟಾಲುಯೀನ್‌ನ ಪ್ರಮುಖ ಅಳತೆಗೋಲಾಗಿತ್ತು.

ಗಾಳಿಯನ್ನೇ ಅಳೆಯಬಹುದಲ್ಲ, ಮೂತ್ರದ ಗೊಡವೆ ಏಕೆ ಎಂದು ಕೆಲವರು ಕೇಳುತ್ತಾರೆ. ಗಾಳಿಯ ಅಳತೆ ಕೋಣೆಯ ಬಗ್ಗೆ ಹೇಳುತ್ತದೆ, ಮೂತ್ರದ ಅಳತೆ ಮನುಷ್ಯನ ಬಗ್ಗೆ ಹೇಳುತ್ತದೆ. ಒಂದೇ ಕೋಣೆಯಲ್ಲಿ ಭಾರ ಎತ್ತುವವನು ಕುಳಿತು ಕೆಲಸ ಮಾಡುವವನಿಗಿಂತ ಹೆಚ್ಚು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ಥಿನ್ನರ್‌ನಲ್ಲಿ ಕೈ ಅದ್ದಿ ಬಿಡಿಭಾಗಗಳನ್ನು ತೊಳೆಯುವವನಿಗೆ ಚರ್ಮದ ಮೂಲಕವೂ ಟಾಲುಯೀನ್ ಸೇರುತ್ತದೆ. ಮುಖಗವಸು ಧರಿಸಿದವನಿಗೆ ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು ಗಾಳಿಯ ಮಾಪಕಕ್ಕೆ ತಿಳಿಯುವುದಿಲ್ಲ. ಇವೆಲ್ಲವನ್ನೂ ಒಟ್ಟುಗೂಡಿಸಿ ಹೇಳಬಲ್ಲದ್ದು ದೇಹವೊಂದೇ. ಆದ್ದರಿಂದ ಜೈವಿಕ ಸೂಚಕಗಳ ಬಗ್ಗೆ ನನಗಿರುವ ಗೌರವ ಇಂದಿಗೂ ಕಡಿಮೆಯಾಗಿಲ್ಲ. ನನ್ನ ತಕರಾರು ಇರುವುದು, ತನ್ನ ಕಾಲ ಮುಗಿದ ಸೂಚಕವನ್ನು ಕೇವಲ ಅಭ್ಯಾಸಬಲದಿಂದ ಮುಂದುವರಿಸುವುದರ ಬಗ್ಗೆ.

ಕಾಲ ಮುಗಿದದ್ದು ಹೇಗೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತೋರಿಸುತ್ತೇನೆ. ಗಾಳಿಯಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಟಾಲುಯೀನ್ ಎಂದರೆ ಪ್ರತಿ ಘನ ಮೀಟರಿಗೆ ಸುಮಾರು 3.77 ಮಿಲಿಗ್ರಾಂ. 100 ಪಿಪಿಎಂ ಇರುವ ಕೋಣೆಯಲ್ಲಿ ಒಬ್ಬರು 8 ಗಂಟೆಯ ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿಯನ್ನು ಉಸಿರಾಡುತ್ತಾರೆ ಎಂದುಕೊಂಡರೆ, ಶ್ವಾಸಕೋಶದವರೆಗೆ ಬರುವುದು ಸುಮಾರು 3.8 ಗ್ರಾಂ ಟಾಲುಯೀನ್. ಅದರಲ್ಲಿ ಅರ್ಧದಷ್ಟು ದೇಹದಲ್ಲಿ ಉಳಿಯುತ್ತದೆ, ಅಂದರೆ 1.9 ಗ್ರಾಂ. ಅದರ ನೂರಕ್ಕೆ ಎಂಬತ್ತು ಪಾಲು ಹಿಪ್ಪುರಿಕ್ ಆಮ್ಲವಾಗುತ್ತದೆ. ಟಾಲುಯೀನ್‌ನ ಅಣುತೂಕ 92, ಹಿಪ್ಪುರಿಕ್ ಆಮ್ಲದ್ದು 179. ಈ ಅನುಪಾತವನ್ನೂ ಸೇರಿಸಿ ಗುಣಿಸಿದರೆ ಒಟ್ಟು ಸುಮಾರು 3 ಗ್ರಾಂ ಹಿಪ್ಪುರಿಕ್ ಆಮ್ಲ ಆ ದಿನದ ಮೂತ್ರದಲ್ಲಿ ಬರಬೇಕು. ಇದು ಯಾವ ಗದ್ದಲದ ನಡುವೆಯೂ ಕೇಳಿಸುವಷ್ಟು ದೊಡ್ಡ ದನಿ. ಇದೇ ಲೆಕ್ಕವನ್ನು 20 ಪಿಪಿಎಂಗೆ ಹಾಕಿ ನೋಡಿ: ಬರುವುದು 0.6 ಗ್ರಾಂ ಮಾತ್ರ.

ಈ 0.6 ಗ್ರಾಂನ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡುತ್ತೇನೆ. ಆಹಾರ ಪಾನೀಯಗಳು ಕೆಡದಂತೆ ಸೋಡಿಯಂ ಬೆಂಜೋಯೇಟ್ ಬೆರೆಸುವುದು ಎಲ್ಲೆಡೆಯೂ ಇರುವ ಪದ್ಧತಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ಬೆಂಜೋಯಿಕ್ ಆಮ್ಲದ ಸ್ವೀಕಾರಾರ್ಹ ದೈನಿಕ ಸೇವನೆಯನ್ನು ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 5 ಮಿಲಿಗ್ರಾಂ ಎಂದು ನಿಗದಿಪಡಿಸಿತು. 60 ಕಿಲೋ ತೂಕದ ವ್ಯಕ್ತಿಗೆ ಅದು 300 ಮಿಲಿಗ್ರಾಂ. ಅಷ್ಟೂ ಹಿಪ್ಪುರಿಕ್ ಆಮ್ಲವಾದರೆ 440 ಮಿಲಿಗ್ರಾಂ ಆಗುತ್ತದೆ. ಅಂದರೆ ಸುರಕ್ಷಿತವೆಂದು ಒಪ್ಪಿಕೊಂಡ ಸಂರಕ್ಷಕದ ಸೇವನೆಯೊಂದೇ, 20 ಪಿಪಿಎಂ ಟಾಲುಯೀನ್‌ನಲ್ಲಿ ಇಡೀ ದಿನ ದುಡಿದವನು ಹೊರಹಾಕುವ ಪ್ರಮಾಣದ ಮುಕ್ಕಾಲು ಪಾಲನ್ನು ತಂದುಬಿಡಬಹುದು.

ಸಂರಕ್ಷಕಗಳನ್ನು ಬಿಟ್ಟರೂ ಸಮಸ್ಯೆ ಬಿಡುವುದಿಲ್ಲ. ಕೆಲವು ಹಣ್ಣುಗಳಲ್ಲಿ, ಮುಖ್ಯವಾಗಿ ಕ್ರ್ಯಾನ್‌ಬೆರಿ ಮತ್ತು ಪ್ಲಮ್‌ಗಳಲ್ಲಿ, ಬೆಂಜೋಯಿಕ್ ಆಮ್ಲ ಅಥವಾ ಅದಕ್ಕೆ ದಾರಿಯಾಗುವ ಪದಾರ್ಥಗಳು ನೈಸರ್ಗಿಕವಾಗಿಯೇ ಇವೆ. ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲ, ಚಹಾದಲ್ಲಿರುವ ಪಾಲಿಫೀನಾಲ್‌ಗಳು, ಗಿಡಮೂಲದ ಆಹಾರಗಳಲ್ಲಿ ವ್ಯಾಪಕವಾಗಿರುವ ಕ್ವಿನಿಕ್ ಆಮ್ಲ ಇವೆಲ್ಲವೂ ಕರುಳಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆದು, ಮಾರ್ಪಟ್ಟು, ಕೊನೆಗೆ ಅದೇ ಬೆಂಜೋಯಿಕ್ ಆಮ್ಲದ ಬಾಗಿಲಿಗೆ ಬಂದು ನಿಲ್ಲುತ್ತವೆ. ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಪ್ರಯೋಗದ ಪ್ರಾಣಿಗಳ ಮೂತ್ರದಲ್ಲಿ ಹಿಪ್ಪುರಿಕ್ ಆಮ್ಲ ತೀರ ಕಡಿಮೆ ಇರುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮನುಷ್ಯರಲ್ಲೂ ಅದು ಕುಸಿಯಬಹುದು. ನಾವು ದ್ರಾವಕವನ್ನು ಅಳೆಯುತ್ತಿದ್ದೇವೆಂದು ನಂಬಿಕೊಂಡು, ವಾಸ್ತವದಲ್ಲಿ ಆ ವ್ಯಕ್ತಿಯ ಊಟವನ್ನೂ ಕರುಳಿನಲ್ಲಿರುವ ಜೀವಿಗಳನ್ನೂ ಅಳೆದಿರುತ್ತೇವೆ. ಟಾಲುಯೀನ್‌ನ ಗಂಧಗಾಳಿಯೂ ಇಲ್ಲದವರ ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 1.5 ಗ್ರಾಂವರೆಗೂ ಹಿಪ್ಪುರಿಕ್ ಆಮ್ಲ ಕಂಡುಬರುವುದುಂಟು. ನಮ್ಮ ಮೊದಲ ಸಾಲಿನಲ್ಲಿದ್ದ ಅಂಕಿ 1.4.

ನಾನು ಪ್ರಯೋಗಾಲಯದ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇದು ನನಗೆ ಪುಸ್ತಕದ ಮಾತಾಗಿ ಮಾತ್ರ ಗೊತ್ತಿತ್ತು. ಒಂದು ದಿನ ಎರಡು ಮಾದರಿಗಳನ್ನು ಒಂದರ ಹಿಂದೊಂದು, ಮಿಶ್ರಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ದ್ರವ ಕ್ರೊಮಟೋಗ್ರಫಿ ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ಸಮತಟ್ಟಾದ ಗೆರೆ ಸಾಗುತ್ತಾ ಬಂದು, ಹಿಪ್ಪುರಿಕ್ ಆಮ್ಲದ ಸಮಯ ಬಂದಾಗ ಶಿಖರವಾಗಿ ಮೇಲೆದ್ದು ಮತ್ತೆ ಇಳಿಯಿತು. ಮೊದಲ ಶಿಖರ ಮೋಟು, ಎರಡನೆಯದು ಅದರ ಎರಡರಷ್ಟು ಎತ್ತರ. ಎತ್ತರದ್ದು ಮುದ್ರಣ ಯಂತ್ರದ ಬಳಿ ನಿಲ್ಲುವವನದ್ದೆಂದು ನಾನು ಚೀಟಿ ನೋಡುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ನೋಡಿದರೆ ಅದು ಹೋಲಿಕೆಗಾಗಿ ತಂದಿದ್ದ, ದ್ರಾವಕದ ಕೋಣೆಗೆ ಕಾಲಿಡದ ಗುಮಾಸ್ತರೊಬ್ಬರ ಮಾದರಿ. ಚೀಟಿಗಳು ಅದಲುಬದಲಾಗಿರಬಹುದೆಂದು ಮತ್ತೊಮ್ಮೆ ಪರೀಕ್ಷಿಸಿದೆವು. ಫಲಿತಾಂಶ ಬದಲಾಗಲಿಲ್ಲ. ಯಂತ್ರ ಸರಿಯಾಗಿಯೇ ಅಳೆದಿತ್ತು, ತಪ್ಪಿದ್ದು ನನ್ನ ಓದು. ಅಂದಿನಿಂದ ಮಾದರಿಯ ಚೀಟಿಯ ಜೊತೆ ಹಿಂದಿನ ಎರಡು ದಿನ ಏನು ತಿಂದರು, ಏನು ಕುಡಿದರು, ಯಾವ ಮಾತ್ರೆ ನುಂಗಿದರು ಎಂಬ ವಿವರವಿಲ್ಲದ ಹಿಪ್ಪುರಿಕ್ ಆಮ್ಲದ ವರದಿಗೆ ಸಹಿ ಹಾಕಲು ನನಗೆ ಮನಸ್ಸು ಬಂದಿಲ್ಲ.

ಮಾತ್ರೆಯ ಪ್ರಶ್ನೆಯನ್ನು ಸುಮ್ಮನೆ ಸೇರಿಸಿದ್ದಲ್ಲ. ಆಸ್ಪಿರಿನ್ ದೇಹದಲ್ಲಿ ಸ್ಯಾಲಿಸಿಲಿಕ್ ಆಮ್ಲವಾಗಿ, ಅದೂ ಕೂಡ ಗ್ಲೈಸಿನ್‌ಗಾಗಿಯೇ ಕೈಚಾಚುತ್ತದೆ. ಆಗ ಬೆಂಜೋಯಿಕ್ ಆಮ್ಲಕ್ಕೆ ಸಿಗುವ ಪಾಲು ಕಡಿಮೆಯಾಗಬಹುದು. ಮದ್ಯ ಇನ್ನೂ ಹೆಚ್ಚು ತೊಡಕಿನದು. ಒಂದೇ ಕಾಲದಲ್ಲಿ ಮದ್ಯವೂ ಟಾಲುಯೀನೂ ದೇಹದಲ್ಲಿದ್ದರೆ ಯಕೃತ್ತಿನ ಕಿಣ್ವಗಳಿಗಾಗಿ ಅವೆರಡರ ನಡುವೆ ಪೈಪೋಟಿ ನಡೆದು ಟಾಲುಯೀನ್ ಮಾರ್ಪಡುವುದು ನಿಧಾನವಾಗುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಮೂತ್ರದಲ್ಲಿ ಹಿಪ್ಪುರಿಕ್ ಆಮ್ಲ ಇಳಿಯುತ್ತದೆ. ಮೆದುಳಿಗೆ ಅಪಾಯ ಹೆಚ್ಚಿರುವ ಹೊತ್ತಿನಲ್ಲಿಯೇ ಸೂಚಕವು ‘ಎಲ್ಲವೂ ಸರಿಯಿದೆ’ ಎಂದು ಹೇಳುವ ಸಂದರ್ಭ ಇದು. ಅಲ್ಲದೆ, ಪೂರ್ವ ಏಷ್ಯಾದ ಜನರಲ್ಲಿ ಸಾಕಷ್ಟು ಮಂದಿಗೆ ಆಲ್ಡಿಹೈಡನ್ನು ಆಮ್ಲವಾಗಿಸುವ ಒಂದು ಕಿಣ್ವ ಹುಟ್ಟಿನಿಂದಲೇ ಮಂದವಾಗಿರುತ್ತದೆ. ಅಂಥವರು ಸಮಾನ ಪ್ರಮಾಣದ ಟಾಲುಯೀನ್ ಉಸಿರಾಡಿದರೂ ಹೊರಹಾಕುವ ಹಿಪ್ಪುರಿಕ್ ಆಮ್ಲ ಕಡಿಮೆ.

ಸಮಯದ ವಿಷಯದಲ್ಲಿ ಈ ಸೂಚಕ ಬಹಳ ಅವಸರದ್ದು. ದೇಹವು ಇದನ್ನು ಎಷ್ಟು ವೇಗವಾಗಿ ತಯಾರಿಸಿ ಹೊರದೂಡುತ್ತದೆ ಎಂಬುದನ್ನು ತಿಳಿಯಲು 1933ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಅವರು ರೂಪಿಸಿದ ಯಕೃತ್ತಿನ ಪರೀಕ್ಷೆಯನ್ನು ನೆನೆಯಬಹುದು. ರೋಗಿಗೆ ಸುಮಾರು 6 ಗ್ರಾಂ ಸೋಡಿಯಂ ಬೆಂಜೋಯೇಟ್ ಕುಡಿಸಿ, ಮುಂದಿನ ನಾಲ್ಕು ಗಂಟೆಗಳ ಮೂತ್ರದಲ್ಲಿ ಎಷ್ಟು ಹಿಪ್ಪುರಿಕ್ ಆಮ್ಲ ಬಂತೆಂದು ಅಳೆಯುವುದು ಆ ಪರೀಕ್ಷೆ. ಆರೋಗ್ಯವಂತರಲ್ಲಿ ಕುಡಿದದ್ದರ ಅರ್ಧಕ್ಕಿಂತ ಹೆಚ್ಚು ಆ ನಾಲ್ಕು ಗಂಟೆಗಳಲ್ಲೇ ಹೊರಬೀಳುತ್ತಿತ್ತು. ಟಾಲುಯೀನ್‌ನಿಂದ ಬಂದದ್ದೂ ಹಾಗೆಯೇ. ಪಾಳಿಯ ಕೊನೆಯಲ್ಲಿ ಶಿಖರ ಮುಟ್ಟಿ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಹೆಚ್ಚುಕಡಿಮೆ ಮೂಲಮಟ್ಟಕ್ಕೆ ಮರಳುತ್ತದೆ. ಆದ್ದರಿಂದ ಮುಂಜಾನೆಯ ಮೂತ್ರ ಹಿಡಿದು ಹಿಂದಿನ ದಿನದ ದ್ರಾವಕವನ್ನು ಹುಡುಕುವುದು ವ್ಯರ್ಥ. ಅನುಕೂಲಕ್ಕೆಂದು ಬೆಳಿಗ್ಗೆ ಹಾಜರಿಯ ಹೊತ್ತಿನಲ್ಲಿಯೇ ಎಲ್ಲರಿಂದ ಮಾದರಿ ಸಂಗ್ರಹಿಸಿಬಿಡುವ ರೂಢಿಯನ್ನು ನಾನು ಕಂಡಿದ್ದೇನೆ, ಮತ್ತು ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಬರುವ ಕಡಿಮೆ ಅಂಕಿಗಳು ಸುರಕ್ಷತೆಯ ದಾಖಲೆಯಾಗಿ ಕಡತ ಸೇರುತ್ತವೆ.

ಕ್ರಿಯಾಟಿನಿನ್‌ನಿಂದ ಭಾಗಿಸುವುದು ಏಕೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಹೆಚ್ಚು ನೀರು ಕುಡಿದವರ ಮೂತ್ರ ತೆಳ್ಳಗಿರುತ್ತದೆ, ಬೆವರಿ ದಣಿದವರದು ಗಾಢವಾಗಿರುತ್ತದೆ. ಸ್ನಾಯುಗಳಿಂದ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಬರುವ ಕ್ರಿಯಾಟಿನಿನ್‌ನ ಜೊತೆ ಹೋಲಿಸಿದರೆ ಈ ವ್ಯತ್ಯಾಸ ಬಹುಮಟ್ಟಿಗೆ ಕಳೆದುಹೋಗುತ್ತದೆ. ಆದರೆ ಕ್ರಿಯಾಟಿನಿನ್ ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಹೆಚ್ಚಿರುವ ಮಾದರಿಯನ್ನು ಬಿಟ್ಟು ಹೊಸದನ್ನು ಪಡೆಯಬೇಕು. ಇನ್ನೊಂದು ಸೂಕ್ಷ್ಮವಿದೆ: ಮೈಕಟ್ಟು ಸಣ್ಣದಿರುವವರ, ಅನೇಕ ಮಹಿಳೆಯರ ಮೂತ್ರದಲ್ಲಿ ಕ್ರಿಯಾಟಿನಿನ್ ಕಡಿಮೆ ಇರುವುದರಿಂದ, ಭಾಗಿಸಿದಾಗ ಬರುವ ಅಂಕಿ ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು. ಸೂಚಕ ಎಂಬುದು ಬರೀ ಸಾಕ್ಷಿ, ಅದಕ್ಕೂ ಹಾನಿಗೂ ಸಂಬಂಧವಿಲ್ಲ ಎಂಬ ಭಾವನೆ ಸಾಮಾನ್ಯ. ಕೆಲಸದ ಸ್ಥಳದ ಸಾಧಾರಣ ಪ್ರಮಾಣಗಳಲ್ಲಿ ಹಿಪ್ಪುರಿಕ್ ಆಮ್ಲದ ಮಟ್ಟಿಗೆ ಅದು ಸರಿಯೇ. ಆದರೆ ಅಂಟು ಅಥವಾ ಥಿನ್ನರನ್ನು ಬೇಕೆಂದೇ ಮೂಸುವ ಚಟಕ್ಕೆ ಬಿದ್ದವರು ಸಾವಿರಾರು ಪಿಪಿಎಂ ಆವಿಯನ್ನು ಒಳಗೆಳೆದುಕೊಳ್ಳುತ್ತಾರೆ. ಅಂಥವರು ಕೈಕಾಲುಗಳಲ್ಲಿ ಶಕ್ತಿಯೇ ಇಲ್ಲದಂತಾಗಿ, ಎದ್ದು ನಿಲ್ಲಲಾರದೆ ತುರ್ತು ಚಿಕಿತ್ಸೆಗೆ ಬರುವುದುಂಟು. ರಕ್ತ ಪರೀಕ್ಷಿಸಿದರೆ ಆಮ್ಲೀಯತೆ ಏರಿರುತ್ತದೆ, ಪೊಟ್ಯಾಸಿಯಂ ಅಪಾಯಕಾರಿಯಾಗಿ ಇಳಿದಿರುತ್ತದೆ. ಇದನ್ನು ಬಹುಕಾಲ ಮೂತ್ರಪಿಂಡದ ನಾಳಗಳ ದೋಷವೆಂದೇ ವಿವರಿಸಲಾಗುತ್ತಿತ್ತು. ಹಲವರಲ್ಲಿ ಮುಖ್ಯ ಕಾರಣ ಅಪಾರವಾಗಿ ತಯಾರಾದ ಹಿಪ್ಪುರಿಕ್ ಆಮ್ಲವೇ ಎಂದು ನಂತರ ತಿಳಿಯಿತು. ಮೂತ್ರಪಿಂಡವು ಹಿಪ್ಪುರೇಟನ್ನು ಸೋಸುವುದಷ್ಟೇ ಅಲ್ಲದೆ ಚುರುಕಾಗಿ ಹೊರದೂಡುವ ಕಾರಣ, ಅದು ರಕ್ತದಲ್ಲಿ ನಿಲ್ಲದೆ, ಸೋಡಿಯಂ ಮತ್ತು ಪೊಟ್ಯಾಸಿಯಂ ಅನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಇದೇ ಗುಣವನ್ನು ವೈದ್ಯರು ಒಳ್ಳೆಯದಕ್ಕೂ ಬಳಸಿದ್ದಾರೆ. ಅಮೋನಿಯವನ್ನು ಯೂರಿಯ ಮಾಡಲಾಗದ ಜನ್ಮಜಾತ ರೋಗವಿರುವ ಶಿಶುಗಳಿಗೆ ಸೋಡಿಯಂ ಬೆಂಜೋಯೇಟ್ ಕೊಟ್ಟರೆ, ಪ್ರತಿ ಅಣುವೂ ಗ್ಲೈಸಿನ್‌ನ ರೂಪದಲ್ಲಿ ಒಂದು ಸಾರಜನಕ ಪರಮಾಣುವನ್ನು ಹೊತ್ತು ಹಿಪ್ಪುರಿಕ್ ಆಮ್ಲವಾಗಿ ಹೊರಹೋಗುತ್ತದೆ.

ಮತ್ತೆ ಕಾರ್ಖಾನೆಗೆ ಮರಳೋಣ. ಕೆಲಸದ ಸ್ಥಳದ ಮಾರ್ಗದರ್ಶಿ ಮಿತಿಗಳನ್ನು ಸೂಚಿಸುವ ಅಮೆರಿಕದ ಎಸಿಜಿಐಎಚ್ ಸಂಸ್ಥೆಯು ಟಾಲುಯೀನ್‌ನ ಮಿತಿಯನ್ನು 100 ಪಿಪಿಎಂನಿಂದ 50ಕ್ಕೆ, 2007ರಲ್ಲಿ 20ಕ್ಕೆ ಇಳಿಸಿತು. 100 ಪಿಪಿಎಂ ಇದ್ದ ಕಾಲದಲ್ಲಿ ಪಾಳಿಯ ಕೊನೆಯ ಹಿಪ್ಪುರಿಕ್ ಆಮ್ಲದ ಸೂಚ್ಯಂಕ (ಗಾಳಿಯ ಆ ಮಿತಿಗೆ ತಕ್ಕ ಮೂತ್ರದ ಮಟ್ಟ) ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 2.5 ಗ್ರಾಂ ಆಗಿತ್ತು, 50ಕ್ಕೆ ಬಂದಾಗ 1.6 ಗ್ರಾಂ. 20 ಪಿಪಿಎಂಗೆ ತಕ್ಕ ಅಂಕಿಯನ್ನು ಹುಡುಕಹೊರಟರೆ ಅದು ಸಾಮಾನ್ಯ ಜನರ ಮೂಲಮಟ್ಟದೊಳಗೇ ಮುಳುಗಿಹೋಗಿತ್ತು. 2010ರಲ್ಲಿ ಆ ಸಂಸ್ಥೆ ಟಾಲುಯೀನ್‌ನ ಸೂಚಕಗಳ ಪಟ್ಟಿಯಿಂದ ಹಿಪ್ಪುರಿಕ್ ಆಮ್ಲವನ್ನು ಕೈಬಿಟ್ಟಿತು. ಬೆಂಜೀನ್‌ಗೆ ಒಮ್ಮೆ ಸೂಚಕವಾಗಿದ್ದ ಫೀನಾಲ್‌ನ ಗತಿಯೂ ಇದೇ ಆಗಿತ್ತು: ಗಾಳಿ ಶುದ್ಧವಾಗುತ್ತಾ ಬಂದಂತೆ ಆಹಾರದಿಂದ ಬರುವ ಫೀನಾಲ್‌ನ ನಡುವೆ ಬೆಂಜೀನ್‌ನ ಫೀನಾಲ್ ಗುರುತು ಸಿಗದಂತಾಯಿತು. ಇದಕ್ಕೆ ಪ್ರತಿಯಾಗಿ, ಜೈಲೀನ್‌ನಿಂದ ಬರುವ ಮೀಥೈಲ್ ಹಿಪ್ಪುರಿಕ್ ಆಮ್ಲ ಇಂದಿಗೂ ಗಟ್ಟಿಯಾಗಿ ನಿಂತಿದೆ. ಒಂದೇ ಒಂದು ಮೀಥೈಲ್ ಗುಂಪಿನ ವ್ಯತ್ಯಾಸ ಅಷ್ಟೇ, ಆದರೆ ಅದನ್ನು ನಮ್ಮ ಆಹಾರ ತಯಾರಿಸುವುದಿಲ್ಲ.

ಹಿಪ್ಪುರಿಕ್ ಆಮ್ಲದ ಜಾಗಕ್ಕೆ ಬಂದ ಸೂಚಕಗಳಲ್ಲಿ ಒಂದು, ನೆನಪಿಡಿ ಎಂದು ನಾನು ಕೇಳಿಕೊಂಡಿದ್ದ ಆ ಸಣ್ಣ ದಾರಿಯ ಆರ್ಥೋ-ಕ್ರೆಸಾಲ್. ಪಾಳಿಯ ಕೊನೆಯ ಮೂತ್ರದಲ್ಲಿ ಅದರ ಸೂಚ್ಯಂಕ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 0.3 ಮಿಲಿಗ್ರಾಂ. ಗ್ರಾಂಗಳಿಂದ ಮಿಲಿಗ್ರಾಂನ ಭಿನ್ನಾಂಶಕ್ಕೆ ಇಳಿದದ್ದನ್ನು ಗಮನಿಸಿ. ದೊಡ್ಡ ಹೊಳೆಯನ್ನು ಬಿಟ್ಟು ಸಣ್ಣ ತೊರೆಯನ್ನು ಆರಿಸಿಕೊಂಡದ್ದು, ತೊರೆಗೆ ಬೇರೆ ನೀರು ಬಂದು ಸೇರುವುದು ಕಡಿಮೆ ಎಂಬ ಕಾರಣಕ್ಕೆ. ಕಡಿಮೆ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ತಂಬಾಕಿನ ಹೊಗೆಯಲ್ಲಿ ಕ್ರೆಸಾಲ್ ಇದೆ, ಆದ್ದರಿಂದ ಧೂಮಪಾನಿಗಳ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದು ಮೂತ್ರದಲ್ಲಿ ಬೇರೆ ಅಣುಗಳಿಗೆ ಅಂಟಿಕೊಂಡೇ ಬರುವುದರಿಂದ, ಮೊದಲು ಆ ಬಂಧ ಬಿಡಿಸಿ ನಂತರ ಅಳೆಯಬೇಕು. ಇನ್ನೊಂದು ಸೂಚಕ ಬದಲಾಗದೆ ಉಳಿದ ಟಾಲುಯೀನ್ ಸ್ವತಃ: ಪಾಳಿಯ ಕೊನೆಯ ಮೂತ್ರದಲ್ಲಿ ಲೀಟರಿಗೆ 0.03 ಮಿಲಿಗ್ರಾಂ, ಅಥವಾ ವಾರದ ಕೊನೆಯ ಪಾಳಿಗೆ ಮುನ್ನ ತೆಗೆದ ರಕ್ತದಲ್ಲಿ ಲೀಟರಿಗೆ 0.02 ಮಿಲಿಗ್ರಾಂ. ಮೇದಸ್ಸಿನಲ್ಲಿ ಕುಳಿತ ಟಾಲುಯೀನ್ ನಿಧಾನವಾಗಿ ಹೊರಬರುವುದರಿಂದ, ರಕ್ತದ ಆ ಮಾದರಿ ವಾರವಿಡೀ ಸಂಗ್ರಹವಾದದ್ದರ ಸುಳಿವು ಕೊಡುತ್ತದೆ. ಇದನ್ನು ಯಾವ ಹಣ್ಣೂ ಯಾವ ಸಂರಕ್ಷಕವೂ ಕೆಡಿಸಲಾರದು.

ಹಾಗೆಂದು ಹಿಪ್ಪುರಿಕ್ ಆಮ್ಲವನ್ನು ಸಂಪೂರ್ಣವಾಗಿ ತಳ್ಳಿಹಾಕಿ ಎಂದು ನಾನು ಹೇಳುವುದಿಲ್ಲ. ಗಾಳಿ ಇನ್ನೂ ಶುದ್ಧವಾಗದ, 100 ಪಿಪಿಎಂ ಆಸುಪಾಸಿನಲ್ಲಿ ಜನ ದುಡಿಯುವ ಕಡೆಗಳಲ್ಲಿ, ಒಂದು ಇಡೀ ಗುಂಪಿನ ಮಾದರಿಗಳನ್ನು ಪಾಳಿಯ ಮೊದಲು ಮತ್ತು ಕೊನೆಗೆ ತೆಗೆದು ಹೋಲಿಸಿದರೆ, ಅದು ಇಂದಿಗೂ ಸ್ಪಷ್ಟವಾಗಿ ಮಾತನಾಡುತ್ತದೆ. 3 ಅಥವಾ 4 ಗ್ರಾಂ ಬಂದರೆ ಊಟದ ನೆಪ ಹೇಳಿ ತಪ್ಪಿಸಿಕೊಳ್ಳುವ ಮೊದಲು ಗಾಳಿಯನ್ನು ಅಳೆಯಲೇಬೇಕು. ನಾನು ಒಪ್ಪದಿರುವುದು, ಒಬ್ಬ ವ್ಯಕ್ತಿಯ ಒಂದು ಮಾದರಿಯ 1.4 ಎಂಬ ಅಂಕಿಯಿಂದ ಆತನ ದುಡಿಮೆಯ ಬಗ್ಗೆಯಾಗಲಿ ಆರೋಗ್ಯದ ಬಗ್ಗೆಯಾಗಲಿ ತೀರ್ಪು ಕೊಡುವುದನ್ನು. ಅಂಥ ವರದಿ ನನ್ನ ಮುಂದೆ ಬಂದರೆ, ‘ಮಿತಿಯೊಳಗಿದೆ’ ಎಂದೂ ‘ಮೀರುವಂತಿದೆ’ ಎಂದೂ ಬರೆಯದೆ, ‘ಈ ಮಟ್ಟದಲ್ಲಿ ಟಾಲುಯೀನ್ ಒಡ್ಡಿಕೊಳ್ಳುವಿಕೆಯನ್ನು ಆಹಾರದಿಂದ ಬೇರ್ಪಡಿಸಿ ನೋಡಲಾಗದು, ಮೂತ್ರದ ಟಾಲುಯೀನ್ ಪರೀಕ್ಷೆ ಅಗತ್ಯ’ ಎಂದು ಬರೆಯುತ್ತೇನೆ.

ಆ ಪರೀಕ್ಷೆಗೆ ಮಾದರಿ ಹಿಡಿಯುವ ಕ್ರಮದಲ್ಲಿ ಸಡಿಲಿಕೆಗೆ ಜಾಗವಿಲ್ಲ. ಪಾಳಿ ಮುಗಿದ ಕೂಡಲೇ, ಆದರೆ ದ್ರಾವಕದ ಕೋಣೆಯಿಂದ ದೂರದಲ್ಲಿ, ಕೆಲಸದ ಬಟ್ಟೆ ಬದಲಿಸಿ, ಕೈಗಳನ್ನು ಸಾಬೂನಿನಿಂದ ತೊಳೆದ ನಂತರವೇ ಮೂತ್ರವನ್ನು ಹಿಡಿಯಬೇಕು. ಬಟ್ಟೆಗೆ ಅಂಟಿದ ಆವಿಯೂ ಮಾದರಿಯನ್ನು ಸೇರಬಲ್ಲದು, ಮತ್ತು ಮಾದರಿಯಲ್ಲಿರುವ ಟಾಲುಯೀನ್ ತೆರೆದ ಬಾಟಲಿಯಿಂದ ನಿಮಿಷಗಳಲ್ಲೇ ಹಾರಿಹೋಗಬಲ್ಲದು. ಆದ್ದರಿಂದ ಹಿಡಿದ ಮೂತ್ರವನ್ನು ತಡಮಾಡದೆ ಗಾಜಿನ ಸೀಸೆಗೆ ವರ್ಗಾಯಿಸಿ, ಆವಿ ನುಸುಳದ ಮುಚ್ಚಳದಿಂದ ಬಿಗಿದು, ತಣ್ಣಗೆ ಇರಿಸಿ ಕಳುಹಿಸಬೇಕು. ಚೀಟಿಯ ಮೇಲೆ ಪಾಳಿ ಯಾವಾಗ ಮುಗಿಯಿತು, ಮೂತ್ರವನ್ನು ಯಾವಾಗ ಹಿಡಿಯಲಾಯಿತು ಎಂಬ ಎರಡೂ ಸಮಯಗಳನ್ನು ಅಲ್ಲಿಯೇ, ಆಗಲೇ, ಬರೆಯಬೇಕು.